ಮೂಡಿಗೆರೆ ಕಡೆಯ ಮನೆಗೆ ಯಾವ ವಾರ್ಮ್ ವೈಟ್?

ಮೂಡಿಗೆರೆ ಹತ್ತಿರದ ಮನೆ, 12×14 ಅಡಿಯ ಹಾಲ್, ರೆಡ್ ಆಕ್ಸೈಡ್ ನೆಲ, ಕಿಟಕಿಯಾಚೆ ಕಾಫಿ ತೋಟ. ಈಗಿನ ಬಿಳಿ ಆಸ್ಪತ್ರೆ ಥರ ಕಾಣುತ್ತೆ, ಹಳದಿ-ಕೆಂಪು ಛಾಯೆಯ ಬಿಳಿ, ಅಂದರೆ ವಾರ್ಮ್ ವೈಟ್‌ನಲ್ಲಿ ಯಾವ ಶೇಡ್, ಎಷ್ಟು ಲೀಟರ್ ಅಂತ ಕೇಳಿದ್ದೀರಿ.

ಶೇಡ್ ಕಾರ್ಡ್ ಆಮೇಲೆ, ಮೊದಲು ಬಲ್ಬು ನೋಡಿ. ನೀಲಿ ಛಾಯೆಯ ಬೆಳಕಿನ, ಅಂದರೆ 6500 ಕೆಲ್ವಿನ್ ಟ್ಯೂಬ್‌ಲೈಟ್ ಇದ್ದರೆ ಎಂಥ ಕೆನೆಬಿಳಿಯೂ ರಾತ್ರಿ ಮಾಸಿದ ಹಾಗೆ ಕಾಣುತ್ತೆ. ಹಳದಿ ಬೆಳಕಿನ, ಅಂದರೆ 2700ರಿಂದ 3000 ಕೆಲ್ವಿನ್‌ನ ಎಲ್‌ಇಡಿ ಹಾಕಿ ಹಳೇ ಗೋಡೆಯನ್ನೇ ಒಮ್ಮೆ ನೋಡಿ. ಅರ್ಧ ಆಸ್ಪತ್ರೆ ಅಲ್ಲೇ ಖಾಲಿ.

ಕೆಂಪು ನೆಲದ ಮೇಲೆ ಬಿದ್ದ ಬೆಳಕು ಗೋಡೆಗೆ ಕೆಂಪು ಹಚ್ಚುತ್ತೆ. ತೋಟದಿಂದ ಬರುವ ಬೆಳಕಲ್ಲಿ ಹಸಿರು ಬೆರೆತಿರುತ್ತೆ. ಗುಲಾಬಿ ಛಾಯೆಯ ಬಿಳಿ ಆರಿಸಿದರೆ ಗೋಡೆ ಗುಲಾಬಿಯೇ ಆಗುತ್ತೆ, ನಿಂಬೆ ಹಳದಿಯದು ಹಸಿರಿಗೆ ತಿರುಗುತ್ತೆ. ನಾನು ಹೇಳುವುದು ಮಣ್ಣಿನ ಹಳದಿ ಒಂಚೂರು ಇರುವ ಶೇಡ್, ಅಂದರೆ ಗಟ್ಟಿ ಅವಲಕ್ಕಿಯ ಬಿಳಿ. ಕಾರ್ಡನ್ನು ಬಿಳಿ ಹಾಳೆಯ ಮೇಲಿಟ್ಟರೆ ಒಳಗಿನ ಛಾಯೆ ತಕ್ಷಣ ಗೊತ್ತಾಗುತ್ತೆ. ಹಿಂದೆ ಸುಣ್ಣಕ್ಕೆ ನೀಲಿ ಕಲಸುತ್ತಿದ್ದರಲ್ಲ, ಅದು ಇದಕ್ಕೆ ಪೂರ್ತಿ ಉಲ್ಟಾ.

ಸ್ಯಾಂಪಲ್ಲನ್ನು ಗೋಡೆಗೆ ಬಳಿಯಬೇಡಿ, ಸುತ್ತಲಿನ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತೆ. ಎರಡಡಿ ರಟ್ಟಿಗೆ ಎರಡು ಕೋಟ್ ಹೊಡೆದು ಬೆಳಿಗ್ಗೆ, ಸಂಜೆ, ಲೈಟ್ ಹಾಕಿದ ಮೇಲೆ ಬೇರೆ ಬೇರೆ ಗೋಡೆಗೆ ಒರಗಿಸಿ ನೋಡಿ.

ಲೆಕ್ಕಕ್ಕೆ ಎತ್ತರ 10 ಅಡಿ ಅಂದುಕೊಳ್ಳೋಣ. ಸುತ್ತಳತೆ 52, ಗೋಡೆ 520 ಚದರಡಿ; ಎರಡು ಬಾಗಿಲು, ಎರಡು ಕಿಟಕಿ ಕಳೆದರೆ ಸುಮಾರು 450. ನಯವಾದ ಗೋಡೆಗೆ ಎರಡು ಕೋಟ್ ಹೊಡೆಯಲು ಲೀಟರಿಗೆ 120 ಚದರಡಿ ಹಿಡಿದರೂ 3.75 ಲೀಟರ್ ಬೇಕು. 4 ಲೀಟರ್ ಡಬ್ಬದ ಜತೆ 1 ಲೀಟರನ್ನೂ ಅಂಗಡಿಯಲ್ಲಿ ಒಟ್ಟಿಗೇ ಟಿಂಟ್ ಮಾಡಿಸಿ (ಶೇಡಿನ ಬಣ್ಣ ಬೆರೆಸುವುದು), ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿ. ಸಾಲದೆ ಆಮೇಲೆ ತಂದದ್ದು ತುಸು ಬೇರೆಯಾದರೆ, ಬಿಳಿಯಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತೆ. ತಾರಸಿ ಮನೆಯಾದರೆ ಸೀಲಿಂಗಿಗೆ ಅಚ್ಚಬಿಳಿ ಬೇಡ, ಅದರ ಪಕ್ಕ ಗೋಡೆ ಕೊಳೆಯಾದಂತೆ ಕಾಣುತ್ತೆ. ಅದೇ ಶೇಡನ್ನು ಅರ್ಧ ಟಿಂಟ್ ಮಾತ್ರ ಹಾಕಿಸಿ ತಿಳಿಯಾಗಿ ಮಾಡಿಸಿ. ಈ ಲೆಕ್ಕದಲ್ಲಿ ಅದು ಸೇರಿಲ್ಲ.

ನಿಮ್ಮ ಕಡೆ ನಿಜವಾದ ಶತ್ರು ತೇವ. ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪ್ ಮಾಡಿ ಗೋಡೆಗೆ ಅಂಟಿಸಿ, 24 ಗಂಟೆ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಮೊದಲು ಸೂರು, ಎರಚಲು ಹೊಡೆಯುವ ಹೊರಗೋಡೆ ಸರಿಪಡಿಸಿ. ಇಲ್ಲದಿದ್ದರೆ ಎಮಲ್ಷನ್ (ನೀರಿನಲ್ಲಿ ಕಲಸುವ ಗೋಡೆ ಪೇಂಟ್) ಗುಳ್ಳೆ ಏಳುತ್ತೆ. ಬೂಷ್ಟು ಇದ್ದರೆ ಒಣ ಉಪ್ಪುಕಾಗದ ಹಾಕಿ ಉಜ್ಜಬೇಡಿ, ಪುಡಿ ಮನೆಯೆಲ್ಲ ಹರಡುತ್ತೆ. ಒಂದು ಪಾಲು ಲಿಕ್ವಿಡ್ ಬ್ಲೀಚಿಗೆ ಮೂರು ಪಾಲು ನೀರು ಸೇರಿಸಿ ಹಚ್ಚಿ (ಬೇರೆ ಯಾವ ಕ್ಲೀನರ್ ಜತೆಗೂ ಬೆರೆಸಬೇಡಿ), 20 ನಿಮಿಷದ ನಂತರ ತೊಳೆದು ಪೂರ್ತಿ ಒಣಗಿಸಿ. ಪುಟ್ಟಿ ಬೇಕಿದ್ದರೆ ವೈಟ್ ಸಿಮೆಂಟಿನದೇ ಇರಲಿ, ಅಕ್ರಿಲಿಕ್ ಪುಟ್ಟಿ ತೇವಕ್ಕೆ ಮೆತ್ತಗಾಗುತ್ತೆ. ಆಮೇಲೆ ಒಂದು ಕೋಟ್ ಪ್ರೈಮರ್.

ಗೌರಿ ಹಬ್ಬಕ್ಕೆ ಮುಗಿಸಬೇಕೆಂದು ಮಳೆಯಲ್ಲಿ ಶುರು ಮಾಡಬೇಡಿ. ಜನವರಿಯಿಂದ ಮಾರ್ಚ್ ಒಳ್ಳೆಯದು.

ಗೋಡೆ ಮಣ್ಣಿನದಾಗಿದ್ದರೆ ಮಾತ್ರ ಎಮಲ್ಷನ್ ಬಿಡಿ, ಒಳಗಿನ ತೇವ ಆರಲು ಜಾಗವಿರುವುದಿಲ್ಲ. ಸುಣ್ಣಕ್ಕೇ ಚಿಟಿಕೆ ಚಿಟಿಕೆಯಾಗಿ ಹಳದಿ ಆಕ್ಸೈಡ್ ಕದಡಿ. ಹಸಿಯಲ್ಲಿ ಗಾಢ ಕಂಡರೂ ಒಣಗಿದ ಮೇಲೆ ಬಹಳ ತಿಳಿಯಾಗುತ್ತೆ, ಒಣಗುವ ತನಕ ಇನ್ನೊಂದು ಚಿಟಿಕೆ ಹಾಕಬೇಡಿ.