3 ಗೆಲುವು, 238 ಸೋಲು: ಈ ಸುಮೋ ಪೈಲ್ವಾನನ ಲೆಕ್ಕ ನಿಜವಾ?

ಶೋನಾನ್‌ಝಾಕುರ ಎಂಬ ಸುಮೋ ಪೈಲ್ವಾನನ ಹೆಸರಿನ ಮುಂದೆ 3-238-1 ಅಂತ ಇದೆ, ಇದು ಅಚ್ಚಿನ ತಪ್ಪಾ, ಇಷ್ಟು ಸೋತವನನ್ನು ಮನೆಗೆ ಯಾಕೆ ಕಳಿಸಲಿಲ್ಲ ಅಂತ ಕೇಳಿದ್ದೀರಿ.

ತಪ್ಪಲ್ಲ. ಮೊದಲ ಸಲ ನೋಡಿದಾಗ ನಾನೂ ಗೆಲುವು-ಸೋಲು ಅದಲುಬದಲಾಗಿದೆ ಅಂದುಕೊಂಡಿದ್ದೆ. 3 ಗೆಲುವು, 238 ಸೋಲು, 1 ಗೈರು.

ಕೆಳಗಿನ ದರ್ಜೆಯವರ ಲೆಕ್ಕ ಓದುವ ರೀತಿ ಸ್ವಲ್ಪ ಬೇರೆ. ಸುಮೋದಲ್ಲಿ ಆರು ದರ್ಜೆ. ಮೇಲಿನ ಎರಡರಲ್ಲಿ ಪಂದ್ಯಾವಳಿಯ 15 ದಿನವೂ ಕುಸ್ತಿ ಇರುತ್ತದೆ. ಕೆಳಗಿನ ನಾಲ್ಕರಲ್ಲಿ ಒಬ್ಬನಿಗೆ ಸಾಮಾನ್ಯವಾಗಿ 7 ಮಾತ್ರ. 4 ಗೆದ್ದರೆ ಶ್ರೇಯಾಂಕ ಪಟ್ಟಿಯಲ್ಲಿ ಮೇಲೆ, 4 ಸೋತರೆ ಕೆಳಗೆ. ಇನ್ನೊಂದು ಮಜಾ ಇದೆ. ಎರಡು ಗೆದ್ದವನಿಗೆ ಎರಡು ಗೆದ್ದವನೇ ಎದುರಾಳಿ, ಎರಡು ಸೋತವನಿಗೆ ಎರಡು ಸೋತವನೇ. ಹಾಗಾಗಿ ಜಾಸ್ತಿ ಜನರ ಲೆಕ್ಕ ಅರ್ಧಕ್ಕರ್ಧದ ಆಸುಪಾಸಿನಲ್ಲೇ ನಿಲ್ಲುತ್ತದೆ. ಸುಮ್ನೆ ಶೇಕಡಾ ಎಷ್ಟು ಅಂತ ನೋಡಿದರೆ ಏನೂ ಗೊತ್ತಾಗಲ್ಲ, ಯಾವ ದರ್ಜೆವರೆಗೆ ಏರಿದ ಅಂತ ನೋಡಬೇಕು.

ಈ ಹುಡುಗ ಮಾತ್ರ, ಸೋತವರ ಜೊತೆಗೇ ಜೋಡಿ ಹಾಕಿದರೂ ಸೋತ.

2015ರಲ್ಲಿ ಹತ್ತೋರಿಝಾಕುರ ಎಂಬ ಹೆಸರಲ್ಲಿ ಶಿಕಿಹಿದೆ ಗರಡಿಯಿಂದ ಕಣಕ್ಕಿಳಿದ. ಮೊದಲ ಗೆಲುವು 2016ರ ಮಾರ್ಚ್‌ನಲ್ಲಿ. ಆಮೇಲೆ ಸಾಲಾಗಿ 89 ಸೋಲು. ಎರಡನೇ ಗೆಲುವು 2018ರ ಮೇನಲ್ಲಿ, ಮೂರನೆಯದು 2019ರ ಜನವರಿಯಲ್ಲಿ. ಅಲ್ಲಿಂದ 2021ರ ಜುಲೈವರೆಗೆ ಮತ್ತೆ ಸಾಲಾಗಿ 104 ಸೋಲು. 89ರ ದಾಖಲೆ ಅವನದೇ, ಅದನ್ನು ಮುರಿದವನೂ ಅವನೇ! ಇದರ ನಡುವೆ ಹೆಸರು ಬದಲಾಯಿಸಿಕೊಂಡ. ಶೋನಾನ್‌ಝಾಕುರ ಅಂತ ಬರೆಯುವಾಗ ಮೊದಲ ಅಕ್ಷರದ ಅರ್ಥ 'ಗೆಲುವು'. ಹೆಸರು ಬದಲಾದರೂ ಅದೃಷ್ಟ ಬದಲಾಗಲಿಲ್ಲ. 2021ರಲ್ಲೇ, 23ನೇ ವಯಸ್ಸಿಗೆ, ಬಿಟ್ಟುಬಿಟ್ಟ.

ಇನ್ನು ಹೊರಗೆ ಹಾಕುವ ಮಾತು. ಅವನಿದ್ದದ್ದು ತೀರಾ ಕೊನೆಯ ದರ್ಜೆ ಜೊನೊಕುಚಿಯಲ್ಲಿ. ಅದರ ಕೆಳಗೆ ತಳ್ಳೋಕೆ ಜಾಗವೇ ಇಲ್ಲ. ಏಳಕ್ಕೆ ಏಳೂ ಸೋತರೂ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ಇಡೀ ಪಂದ್ಯಾವಳಿಗೆ ಬರದೇ ಇದ್ದರೆ ಮಾತ್ರ ಹೋಗುತ್ತದೆ. ಸಂಬಳದ ಹೊರೆಯೂ ಇಲ್ಲ. ಮೇಲಿನ ಎರಡು ದರ್ಜೆಯವರಿಗೆ ಮಾತ್ರ ತಿಂಗಳ ಸಂಬಳ. ಉಳಿದವರಿಗೆ ಗರಡಿಯಲ್ಲಿ ಊಟ, ಮಲಗೋಕೆ ಜಾಗ, ಪಂದ್ಯಾವಳಿಗೊಮ್ಮೆ ಸ್ವಲ್ಪ ಭತ್ಯೆ. ಬದಲಿಗೆ ಅಡುಗೆ ಮಾಡಬೇಕು, ಕಸ ಗುಡಿಸಬೇಕು.

ಅವನು ಹೆದರಿದ್ದೂ ಉಂಟು. 2016ರ ಸೆಪ್ಟೆಂಬರ್‌ನಲ್ಲಿ ಎದುರಾಳಿ ಸರಿಯಾಗಿ ಮುಟ್ಟುವ ಮೊದಲೇ ತಾನೇ ನೆಲಕ್ಕೆ ಬಿದ್ದುಬಿಟ್ಟ. ಅದಕ್ಕೆ ಎಚ್ಚರಿಕೆಯೂ ಸಿಕ್ಕಿತು. ಅದಾದ ಮೇಲೂ ಐದು ವರ್ಷ ಕಣಕ್ಕೆ ಬಂದ. ನನಗೆ 238ಕ್ಕಿಂತ ಆಶ್ಚರ್ಯ ಆಗೋದು ಕೊನೆಯಲ್ಲಿರುವ ಆ 1. ಅಷ್ಟು ವರ್ಷದಲ್ಲಿ ಒಂದೇ ಒಂದು ಕುಸ್ತಿಗೆ ಗೈರು!

ಟೋಕಿಯೋದ ರ್ಯೋಗೊಕು ಕ್ರೀಡಾಂಗಣದಲ್ಲಿ ಒಂದು ಬೆಳಿಗ್ಗೆ ಈ ದರ್ಜೆಯ ಕುಸ್ತಿ ನೋಡಿದ್ದೇನೆ. ಸುತ್ತ ಖಾಲಿ ಕುರ್ಚಿಗಳು. ಎಲ್ಲರ ಸೊಂಟಕ್ಕೂ ಕಪ್ಪು ಹತ್ತಿಯ ಪಟ್ಟಿ, ಮೇಲಿನ ದರ್ಜೆಯವರ ಹಾಗೆ ಕಣಕ್ಕೆ ಉಪ್ಪು ಎರಚೋದಿಲ್ಲ, ರೆಫರಿಗೂ ಬರಿಗಾಲು. ಒಂದು ಜೋಡಿ ಇಳಿಯೋದರೊಳಗೆ ಇನ್ನೊಂದು ಹತ್ತಿರುತ್ತದೆ.

ಕೆಳದರ್ಜೆಯಲ್ಲೇ ಬಾಳಿದ ಇನ್ನೊಬ್ಬನ ಗೆಲುವು-ಸೋಲಿನ ದಾಖಲೆ ಪುಟವನ್ನೂ ನೋಡಿ, ಹನಾಕಾಜೆ ಅಂತ. 1986ರಲ್ಲಿ ಶುರು ಮಾಡಿ 2022ರ ಜನವರಿಯಲ್ಲಿ, 51ನೇ ವಯಸ್ಸಿಗೆ, ನಿವೃತ್ತಿ. ಏರಿದ್ದು ಕೆಳಗಿನಿಂದ ಮೂರನೇ ದರ್ಜೆವರೆಗೆ ಅಷ್ಟೇ. ಆ ಪುಟ ಸ್ಕ್ರಾಲ್ ಮಾಡೋಕೇ ಒಂದು ಕಾಫಿ ಬೇಕಾಗುತ್ತದೆ.