ಓದುಗರ ಪ್ರಶ್ನೆ, ಮಾಷ್ಟ್ರ ಉತ್ತರ: ಬೂದಿಗೂ ಬೆಂಕಿ ಹತ್ತುವ ಒಲೆ

ಪ್ರಶ್ನೆ: ಇಂಧನ ಮುಗಿದ ನಕ್ಷತ್ರ ಸಾಯುತ್ತದೆ ಎಂದು ಪಾಠದಲ್ಲಿದೆ. ಆದರೆ ಸಾಯುವ ಮೊದಲು ಅದು ನೂರಾರು ಪಟ್ಟು ಉಬ್ಬುತ್ತದಂತೆ. ಎಣ್ಣೆ ಮುಗಿದ ದೀಪ ಸಣ್ಣದಾಗಬೇಕಲ್ವಾ ಮಾಷ್ಟ್ರೇ?
ಒಂಬತ್ತನೇ ತರಗತಿಯ ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ನನ್ನ ಹಳೇ ಸಾಲವನ್ನು ನೆನಪಿಸಿದೆ ಮಗಳೇ. ತರಗತಿಯಲ್ಲಿ ನಾನು ವರ್ಷಾನುಗಟ್ಟಲೆ ಈ ಎಣ್ಣೆ ದೀಪದ ಉದಾಹರಣೆಯನ್ನೇ ಕೊಡುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಥೇಟ್ ನಿನ್ನ ಹಾಗೆಯೇ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. "ನಾಳೆ ಹೇಳ್ತೇನೆ, ಕೂತ್ಕೋ" ಎಂದೆ. ಮರುದಿನ ಬೇಕೆಂದೇ ಬೇರೆ ಪಾಠ ಶುರುಮಾಡಿದೆ.

ದೀಪ ಬಿಡು. ಬಚ್ಚಲೊಲೆ ನೋಡು. ಅಡಿಕೆ ಸಿಪ್ಪೆ, ಗೆರಟೆ, ಕೊತ್ತಳಿಗೆ ತುರುಕಿ ಹಂಡೆ ಕಾಯಿಸುತ್ತೇವಲ್ಲ. ನಾಲ್ಕು ದಿನ ಬೂದಿ ತೆಗೆಯದಿದ್ದರೆ ಏನಾಗುತ್ತದೆ? ಒಲೆಯ ಹೊಟ್ಟೆ ತುಂಬಿ, ಬೆಂಕಿ ಬಾಯಿಗೆ ಬರುತ್ತದೆ. ನಕ್ಷತ್ರದ ಸಿಪ್ಪೆ ಹೈಡ್ರೋಜನ್, ಬೂದಿ ಹೀಲಿಯಂ. ಅಲ್ಲಿನ ಉರಿ ನಮ್ಮ ಒಲೆಯ ಉರಿಯಲ್ಲ, ಪರಮಾಣುಗಳ ಬೀಜಗಳು ಒಂದಕ್ಕೊಂದು ಬೆಸೆಯುವುದು. ಸೂರ್ಯ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಉರಿಸುತ್ತಾನೆ. ಅದರಲ್ಲಿ 40 ಲಕ್ಷ ಟನ್ನಿನಷ್ಟು ಶಕ್ತಿಯಾಗಿ ಹೋಗುತ್ತದೆ, ಉಳಿದದ್ದೆಲ್ಲ ಬೂದಿ. ಆ ಬೂದಿಯನ್ನು ಗೋರಿ ತೆಂಗಿನ ಬುಡಕ್ಕೆ ಹಾಕಲು ಅಲ್ಲಿ ಅಜ್ಜಿ ಇಲ್ಲ. ಅದು ನಡುಮಧ್ಯದಲ್ಲೇ ರಾಶಿ ಬೀಳುತ್ತದೆ.

ಒಳಗಿನ ಶಾಖ ಹೊರಕ್ಕೆ ತಳ್ಳುತ್ತಿರುತ್ತದೆ, ನಕ್ಷತ್ರದ ಭಾರ ಒಳಕ್ಕೆ ಅದುಮುತ್ತಿರುತ್ತದೆ. ನಡುವಿನ ಹೈಡ್ರೋಜನ್ ಮುಗಿದ ಕೂಡಲೇ ಭಾರದ ಕೈ ಮೇಲಾಗುತ್ತದೆ. ಬೂದಿಯ ರಾಶಿ ಕುಗ್ಗುತ್ತದೆ, ಕುಗ್ಗಿದಷ್ಟೂ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಮುಟ್ಟಿ ನೋಡಿದ್ದೀಯಾ? ಆ ಬಿಸಿಗೆ ರಾಶಿಯ ಸುತ್ತ ಇರುವ ಹೈಡ್ರೋಜನ್ ಪದರ ಮೊದಲಿಗಿಂತ ಜೋರಾಗಿ ಉರಿಯುತ್ತದೆ. ಬೆಂಕಿ ಬಾಯಿಗೆ ಬಂತು ಅಂದೆನಲ್ಲ, ಅದೇ ಇದು. ಅದರ ಹೊಡೆತಕ್ಕೆ ಹೊರಮೈ ಉಬ್ಬಿ, ಉಬ್ಬಿದ್ದಕ್ಕೆ ತಣಿದು ಕೆಂಪಾಗುತ್ತದೆ. ಕೆಂಪು ದೈತ್ಯ ಎಂದು ನಿನ್ನ ಪುಸ್ತಕದಲ್ಲಿರುವುದು ಇದನ್ನೇ. ಹಾಗಾಗಿ 'ಇಂಧನ ಮುಗಿಯಿತು' ಎನ್ನುವುದು ಅರ್ಧ ಸುಳ್ಳು. ಮುಗಿದದ್ದು ಹೊಟ್ಟೆಯಲ್ಲಿ ಮಾತ್ರ, ಮೈಯಲ್ಲಿ ಬೇಕಾದಷ್ಟಿದೆ.

ಇನ್ನೊಂದು ಮಜಾ ಕೇಳು. ಕುಗ್ಗಿ ಕುಗ್ಗಿ ನಡುಭಾಗ 10 ಕೋಟಿ ಡಿಗ್ರಿ ಮುಟ್ಟಿದಾಗ ಬೂದಿಗೇ ಬೆಂಕಿ ಹತ್ತುತ್ತದೆ! ಹೀಲಿಯಂ ಬೆಸೆದು ಇಂಗಾಲ, ಆಮ್ಲಜನಕ ಆಗುತ್ತದೆ. ಸೂರ್ಯನಂಥ ನಕ್ಷತ್ರದ ಆಟ ಅಲ್ಲಿಗೆ ಮುಗಿಯಿತು. ಹೊರಪದರ ಕಳಚಿ ಹಾರಿಹೋಗುತ್ತದೆ. ಉಳಿಯುವ ಗಟ್ಟಿ ತಿರುಳು ಭೂಮಿಯಷ್ಟೇ ದೊಡ್ಡದು, ಚಮಚದಷ್ಟು ತೆಗೆದರೂ ಟನ್‌ಗಟ್ಟಲೆ ತೂಕ. ಹೆಸರು ಶ್ವೇತ ಕುಬ್ಜ. ರಾತ್ರಿ ಒಲೆ ಆರಿದರೂ ಬೆಳಗ್ಗೆ ಹಂಡೆಯ ನೀರು ಉಗುರುಬೆಚ್ಚಗೆ ಇರುತ್ತದಲ್ಲ, ಶ್ವೇತ ಕುಬ್ಜದ್ದೂ ಅದೇ ಬದುಕು. ಹೊಸ ಉರಿ ಇಲ್ಲ, ಹಳೇ ಬಿಸಿ ಸೋರುತ್ತಿರುತ್ತದೆ ಅಷ್ಟೆ. ಪೂರ್ತಿ ತಣಿದು ಕಪ್ಪಾಗಲು ವಿಶ್ವದ ಈಗಿನ ವಯಸ್ಸು, ಅಂದರೆ 1380 ಕೋಟಿ ವರ್ಷ, ಸಾಲದು.

ಪ್ರಶ್ನೆ: ಸೂರ್ಯನೂ ಒಂದು ದಿನ ಸ್ಫೋಟಿಸುತ್ತಾನಾ? ಈ ವರ್ಷ ಹೊಸದಾಗಿ ಅಡಿಕೆ ಸಸಿ ಇಡಬೇಕೆಂದಿದ್ದೇನೆ.
ಕೃಷಿಕ, ಪೆರ್ಲ

ಉತ್ತರ: ಧೈರ್ಯವಾಗಿ ಸಸಿ ಇಡಿ. ಸೂರ್ಯನಿಗೆ ಈಗ 460 ಕೋಟಿ ವರ್ಷ, ಉಬ್ಬಲು ಇನ್ನೂ 500 ಕೋಟಿ ವರ್ಷ ಇದೆ. ಸ್ಫೋಟಿಸಬೇಕಾದರೆ ಅವನ ಕನಿಷ್ಠ ಎಂಟು ಪಟ್ಟು ತೂಕ ಬೇಕು. ನೀವು ಕೊಳೆರೋಗಕ್ಕೆ ಹೆದರಿದರೆ ಸಾಕು.

ಪ್ರಶ್ನೆ: ಆರ್ದ್ರಾ ನಕ್ಷತ್ರ ಯಾವಾಗಲೋ ಸತ್ತುಹೋಗಿದೆ, ನಾವು ನೋಡುವುದು ಅದರ ಹಳೇ ಬೆಳಕು ಅಂತ ವಾಟ್ಸಾಪ್‌ನಲ್ಲಿ ಬಂತು. ನಿಜವಾ?
ಓದುಗಿ, ಉಪ್ಪಳ

ಉತ್ತರ: ಹಳೇ ಬೆಳಕು ನಿಜ, ಸತ್ತದ್ದು ಸುಮ್ನೆ. ಇಂಗ್ಲಿಷಿನವರ ಬೀಟಲ್‌ಜ್ಯೂಸ್, ನಿಮ್ಮ ನೆರೆಮನೆಯ ಮಲಯಾಳಿಗಳ ತಿರುವಾದಿರ ಇದೇ. ದೂರ ಸುಮಾರು 500ರಿಂದ 700 ಜ್ಯೋತಿರ್ವರ್ಷ. ಅಂದರೆ ವಿಜಯನಗರದ ಅರಸರ ಕಾಲದಲ್ಲಿ ಹೊರಟ ಬೆಳಕು ಈಗ ನಮ್ಮ ಅಂಗಳಕ್ಕೆ ಬರುತ್ತಿದೆ. ನಕ್ಷತ್ರಗಳ ಲೆಕ್ಕದಲ್ಲಿ ಇಷ್ಟು ವರ್ಷ ಏನೂ ಅಲ್ಲ. ಅದು ಸಾಯಲು ಇನ್ನೂ ಒಂದು ಲಕ್ಷ ವರ್ಷ ಹಿಡಿದರೂ ಹಿಡಿಯಬಹುದು.

2020ರ ಫೆಬ್ರವರಿಯಲ್ಲಿ ನನಗೂ ಅನುಮಾನ ಬಂದಿತ್ತು ಅನ್ನಿ. ಊಟ ಮಾಡಿ ಅಂಗಳಕ್ಕಿಳಿದರೆ ಆರ್ದ್ರೆ ರೋಹಿಣಿಗಿಂತಲೂ ಮಂಕು! ಯಾವತ್ತೂ ಹಾಗೆ ಕಂಡವನಲ್ಲ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಕನ್ನಡಕದ ತಪ್ಪಲ್ಲ. ಆಮೇಲೆ ಗೊತ್ತಾಯಿತು, ನಕ್ಷತ್ರವೇ ಉಗುಳಿದ ಧೂಳು ಅದರ ಮುಖಕ್ಕೆ ಅಡ್ಡ ಬಂದಿತ್ತು.

ಇಂಥ ದೊಡ್ಡವರ ಮನೆಯ ಒಲೆಯೇ ಬೇರೆ. ಸಿಪ್ಪೆ ಜಾಸ್ತಿ, ಉರಿಸುವುದು ಅದಕ್ಕಿಂತ ಜಾಸ್ತಿ. ಸೂರ್ಯನ 25 ಪಟ್ಟು ತೂಕದ ನಕ್ಷತ್ರಕ್ಕೆ ಹೈಡ್ರೋಜನ್ ಬರುವುದು 70 ಲಕ್ಷ ವರ್ಷ. ಅದರ ಬೂದಿ ಹೀಲಿಯಂ 7 ಲಕ್ಷ ವರ್ಷ, ಹೀಲಿಯಂನ ಬೂದಿ ಇಂಗಾಲ 600 ವರ್ಷ. ಹೀಗೇ ಸಾಗಿ ಕೊನೆಗೆ ಸಿಲಿಕಾನ್ ಒಂದೇ ದಿನ. ಆಮೇಲೆ ಉಳಿಯುವ ಬೂದಿ ಕಬ್ಬಿಣ. ಅದನ್ನು ಬೆಸೆದರೆ ಶಕ್ತಿ ಸಿಗುವುದಿಲ್ಲ, ನಾವೇ ಕೈಯಿಂದ ಕೊಡಬೇಕು. ಆಗ ಭಾರ ತಡೆಯುವವರು ಯಾರು? ಭೂಮಿಯಷ್ಟು ದೊಡ್ಡ ತಿರುಳು ಒಂದು ಸೆಕೆಂಡಿನೊಳಗೆ ಕುಸಿದು, ಕಾಸರಗೋಡಿನಿಂದ ನಿಮ್ಮ ಉಪ್ಪಳದಷ್ಟು ಅಗಲಕ್ಕೆ ಬರುತ್ತದೆ. ಹೊರಮೈ ಸಿಡಿದುಹೋಗುತ್ತದೆ. 1054ರಲ್ಲಿ ಚೀನಾದವರು ಅಂಥದ್ದೊಂದನ್ನು 23 ದಿನ ಹಗಲಲ್ಲೇ ನೋಡಿ ಬರೆದಿಟ್ಟಿದ್ದಾರೆ. ಅದರ ತಿರುಳು ಈಗಲೂ ಸೆಕೆಂಡಿಗೆ 30 ಸುತ್ತು ತಿರುಗುತ್ತಿದೆ.

ಆರ್ದ್ರೆಯನ್ನು ಅದರದ್ದೇ ಹೆಸರಿನ ಮಳೆಯಲ್ಲಿ ಹುಡುಕಬೇಡಿ. ಮಲಯಾಳಿಗಳು ಞಾಟುವೇಲ ಎಂದು ಕರೆದು ಮೆಣಸಿನ ಬಳ್ಳಿ ನೆಡುವ ಆ ಮಳೆಯ ದಿನಗಳಲ್ಲಿ ಸೂರ್ಯ ಅದರ ಹತ್ತಿರವೇ ಇರುತ್ತಾನೆ, ಕಾಣುವುದಿಲ್ಲ. ಜನವರಿಯಲ್ಲಿ ರಾತ್ರಿ ಎಂಟಕ್ಕೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಸಾಲಾಗಿ ಮೂರು ನಕ್ಷತ್ರ, ಅವುಗಳ ಎಡಕ್ಕೆ ಕೆಂಪಗಿರುವುದೇ ಆರ್ದ್ರೆ. ಇನ್ನೂ ಮೇಲೆ ರೋಹಿಣಿ. ರೋಹಿಣಿಗಿಂತ ಮಂಕಾಗಿ ಕಂಡರೆ ನನಗೊಂದು ಕಾರ್ಡು ಹಾಕಿ.