5 ಮತ್ತು 2 ವರ್ಷದ ಮಕ್ಕಳ ಜತೆ ಡಿಸೆಂಬರ್‌ನಲ್ಲಿ ಬೀಚ್ ರೆಸಾರ್ಟ್: ಗೋಕರ್ಣವೋ, ಗೋವಾವೋ?

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲಿದೆ. "ಮಕ್ಕಳಿಗೆ ಗಾಳಿ ಟ್ಯೂಬ್ ಆರ್ಡರ್ ಮಾಡಿದ್ದೇವೆ, ಅವರು ಆಡಿಕೊಂಡಿದ್ದರೆ ನಾವಿಬ್ಬರೂ ಸ್ವಲ್ಪ ರೆಸ್ಟ್ ಮಾಡಬಹುದು" ಅಂತ. ಅದನ್ನು ಓದಿ ಎದೆ ಧಸಕ್ ಅಂತು. ಮೂರು ದಿನಕ್ಕೆ ಗೋಕರ್ಣವೋ ಗೋವಾವೋ, ಬೀಚಿಗೆ ಅಂಟಿಕೊಂಡ ರೂಮಿಗೆ ರಾತ್ರಿಗೆ 14 ಸಾವಿರ ಕೊಡಬಹುದೋ ಬೇಡವೋ, ಅದೆಲ್ಲ ಆಮೇಲೆ. ಮೊದಲು ಆ ಟ್ಯೂಬಿನ ವಿಷಯ ಹೇಳುತ್ತೇನೆ.

2019ರ ಡಿಸೆಂಬರ್. ಮಗಳಿಗೆ ಐದು ವರ್ಷ, ಮಗನಿಗೆ ಇನ್ನೂ ಎರಡು ತುಂಬಿರಲಿಲ್ಲ. ನಿಮ್ಮ ಮನೆಯ ಲೆಕ್ಕವೇ. ಕುಂದಾಪುರಕ್ಕೂ ಬೈಂದೂರಿಗೂ ನಡುವೆ, ತೆಂಗಿನ ತೋಟದಲ್ಲಿ ಒಂದು ರೆಸಾರ್ಟ್. ಬಾಗಿಲು ತೆಗೆದರೆ ಮರಳು ಅಂತ ಫೋಟೋದಲ್ಲಿತ್ತು, ನಿಜಕ್ಕೂ ಹಾಗೇ ಇತ್ತು. ರಾತ್ರಿಗೆ 9,500. ನಮ್ಮಿಬ್ಬರ ಸಂಬಳಕ್ಕೆ ಅದು ಜಾಸ್ತಿಯೇ, ಆದರೂ ಎರಡು ವರ್ಷದಿಂದ ಎಲ್ಲಿಗೂ ಹೋಗಿರಲಿಲ್ಲ ಅಂತ ಬುಕ್ ಮಾಡಿದ್ದೆವು. ಬೆಂಗಳೂರಿಂದ ಕಾರಲ್ಲಿ ಹೊರಟು, ಶಿವಮೊಗ್ಗ ದಾಟಿ, ಹುಲಿಕಲ್ ಘಾಟಿ ಇಳಿಯುವಷ್ಟರಲ್ಲಿ ಮಗ ಮೂರು ಸಲ ವಾಂತಿ ಮಾಡಿದ್ದ. ಅದು ಬಿಡಿ, ಎಲ್ಲರ ಮನೆ ಮಕ್ಕಳೂ ಮಾಡುತ್ತವೆ.

ಹೊರಡುವ ವಾರ ಮಗಳಿಗೆ ಒಂದು ಬಾತುಕೋಳಿ ಟ್ಯೂಬ್ ತಂದಿದ್ದೆ. ಹಳದಿ ಬಣ್ಣ, ಕಿತ್ತಳೆ ಕೊಕ್ಕು, 450 ರೂಪಾಯಿ. ಮಧ್ಯದಲ್ಲಿ ಕಾಲು ಇಳಿಬಿಟ್ಟು ಕೂರಲು ಎರಡು ತೂತು. ಮನೆಯಲ್ಲೇ ಬಾಯಿಂದ ಊದಿಸಿಕೊಂಡು ಹಾಲ್ ತುಂಬಾ ಓಡಾಡಿದ್ದಳು. ಅದರಲ್ಲಿ ಕೂತರೆ ಮಗು ಮುಳುಗುವುದಿಲ್ಲ, ನನಗೂ ಧೈರ್ಯ ಅಂದುಕೊಂಡಿದ್ದೆ. ನನಗೆ ಈಜು ಬರುವುದಿಲ್ಲ. ಅದಕ್ಕೇ ಆ ಟ್ಯೂಬ್ ಮೇಲೆ ಅಷ್ಟು ನಂಬಿಕೆ.

ಎರಡನೇ ದಿನ ಬೆಳಗ್ಗೆ ಏಳೂ ಮುಕ್ಕಾಲು. ರೆಸಾರ್ಟಿನ ಈಜುಕೊಳ ಕ್ಲೀನ್ ಮಾಡುತ್ತಿದ್ದರು, ಹತ್ತು ಗಂಟೆಗೆ ಬನ್ನಿ ಅಂದರು. ಮಗಳು ಬಾತುಕೋಳಿ ಹಿಡಿದುಕೊಂಡೇ ನಿಂತಿದ್ದಾಳೆ. ಸಮುದ್ರ ನೋಡಿದರೆ ನಮ್ಮೂರ ಕೆರೆ ಥರ ಇತ್ತು. ಅಲೆಯೇ ಇಲ್ಲ. ದಡದಲ್ಲಿ ಸುಮ್ನೆ ಒಂದು ಗೇಣು ಎದ್ದು ಮಲಗುತ್ತಿತ್ತು. ಹಿಂದಿನ ದಿನ ಸಂಜೆ ಅಲೆ ದೊಡ್ಡದಿತ್ತು, ಆಗ ಹೆದರಿ ನೀರಿಗೆ ಬಿಟ್ಟಿರಲಿಲ್ಲ. ಬೆಳಗ್ಗೆ ಇಷ್ಟು ಶಾಂತ ಇದೆಯಲ್ಲ, ಇದಕ್ಕಿಂತ ಒಳ್ಳೇ ಹೊತ್ತು ಇಲ್ಲ ಅನಿಸಿತು. ಬೆನ್ನಿಗೆ ತಣ್ಣನೆ ಗಾಳಿ ತೋಟದ ಕಡೆಯಿಂದ ಬರುತ್ತಿತ್ತು. ಹಾಯಾಗಿದೆ ಅಂದುಕೊಂಡೆ. ದಯವಿಟ್ಟು ಈ ಗಾಳಿಯನ್ನು ನೆನಪಲ್ಲಿಟ್ಟುಕೊಳ್ಳಿ.

ನನ್ನ ಮೊಣಕಾಲಿನವರೆಗೆ ಮಾತ್ರ ನೀರು. ಅವಳು ಟ್ಯೂಬಲ್ಲಿ ಕೂತಿದ್ದಾಳೆ, ನಾನು ಬಾತುಕೋಳಿಯ ಕತ್ತು ಹಿಡಿದಿದ್ದೇನೆ. ಹಿಂದೆ ದಡದಲ್ಲಿ ಮಗ ಮುಗ್ಗರಿಸಿ ಬಿದ್ದು ಬಾಯಿಗೆ ಮರಳು ತುಂಬಿಕೊಂಡು ಕಿರುಚಿದ. ತಿರುಗಿದೆ. ಕೈ ಬಿಟ್ಟೆ. ಅಲ್ಲಿಂದಲೇ ಯಜಮಾನರಿಗೆ "ಬಾಯಿ ತೊಳೀರಿ, ಕಣ್ಣಿಗೆ ಕೈ ಹಾಕೋಕೆ ಬಿಡಬೇಡಿ" ಅಂತ ಕೂಗಿ ಹೇಳಿದೆ. ಹೆಚ್ಚೆಂದರೆ ಇಪ್ಪತ್ತು ಸೆಕೆಂಡ್.

ತಿರುಗಿ ನೋಡಿದರೆ ಅವಳು ಹತ್ತು ಹೆಜ್ಜೆ ಮುಂದಿದ್ದಳು, ನಗುತ್ತಾ ಇದ್ದಳು. ನಾನು ನಡೆದೆ. ನೀರು ಸೊಂಟಕ್ಕೆ ಬಂತು. ನಾನು ಎಷ್ಟು ಬೇಗ ಹೆಜ್ಜೆ ಹಾಕುತ್ತೇನೋ ಅಷ್ಟೇ ಬೇಗ ಬಾತುಕೋಳಿಯೂ ಹೋಗುತ್ತಿದೆ. ಎದೆಮಟ್ಟ ಬಂದಾಗ ಕಾಲು ನೆಲ ಬಿಡತೊಡಗಿತು, ನಾನು ಅಲ್ಲೇ ನಿಂತುಬಿಟ್ಟೆ. ಯಜಮಾನರು ಮಗುವನ್ನು ಯಾರದೋ ಕೈಗೆ ಕೊಟ್ಟು ಓಡಿ ಬಂದು ನೀರಿಗೆ ಬಿದ್ದರು. ಅವರಿಗೆ ಈಜುಕೊಳದಲ್ಲಿ ಈಜಿ ಗೊತ್ತು ಅಷ್ಟೇ. ಸ್ವಲ್ಪ ದೂರಕ್ಕೇ ಉಸಿರು ಕಟ್ಟಿತು. ಆ ಟ್ಯೂಬ್ ಮೆಲ್ಲಗೆ ಒಂದು ಸುತ್ತು ತಿರುಗಿ ಅವಳ ಮುಖ ನಮ್ಮ ಕಡೆ ಬಂತು. ನಗು ನಿಂತಿತ್ತು. "ಅಮ್ಮಾ, ಇದನ್ನ ನಿಲ್ಸು" ಅಂದಳು. ಕಿರುಚಲಿಲ್ಲ. ಮನೆಯಲ್ಲಿ ಮಿಕ್ಸಿ ನಿಲ್ಲಿಸು ಅನ್ನುವ ಹಾಗೆ ಹೇಳಿದಳು.

ಮೂರು ಲೈಟುಕಂಬದಷ್ಟು ದೂರ ಹೋಗಿದ್ದಳು. ಆಚೆ ಒಂದು ಚಿಕ್ಕ ದೋಣಿಯಲ್ಲಿ ಇಬ್ಬರು ಬಲೆ ಎಳೆಯುತ್ತಿದ್ದರು. ನಮ್ಮ ಕೂಗು ಕೇಳಿ ಬಲೆಯನ್ನು ಅಲ್ಲೇ ಬಿಟ್ಟು ಹುಟ್ಟು ಹಾಕಿಕೊಂಡು ಬಂದರು. ಒಬ್ಬರು ಟ್ಯೂಬ್ ಸಮೇತ ಅವಳನ್ನು ಎತ್ತಿ ದೋಣಿಯೊಳಗೆ ಇಟ್ಟುಕೊಂಡರು, ಆಮೇಲೆ ಯಜಮಾನರನ್ನೂ ಹಿಡಿದು ದೋಣಿಯ ಅಂಚಿಗೆ ಆನಿಸಿಕೊಂಡು ದಡಕ್ಕೆ ತಂದರು. ಎಲ್ಲ ಸೇರಿ ಆರೇಳು ನಿಮಿಷ ಇರಬಹುದು.

ದಡಕ್ಕೆ ಬಂದ ಮೇಲೆ ಅವರಲ್ಲಿ ದೊಡ್ಡವರು ನನ್ನನ್ನು ಬೈಯಲಿಲ್ಲ. ರೆಸಾರ್ಟಿನ ಹಗ್ಗದ ಮೇಲೆ ಒಣಹಾಕಿದ್ದ ಟವೆಲ್ ತೋರಿಸಿದರು. ಎಲ್ಲ ಟವೆಲ್ಲೂ ಸಮುದ್ರದ ಕಡೆಗೆ ಹಾರುತ್ತಿದ್ದವು. "ಬೆಳಿಗ್ಗಿಗೆ ಮೂಡ್ ಗಾಳಿ ಅಲ್ದಾ ಅಮ್ಮ. ಹಗುರದ್ದೆಲ್ಲ ಹೊರಗ್ ಹೋತ್" ಅಂದರು. ಮೂಡ್ ಗಾಳಿ ಅಂದರೆ ಪೂರ್ವದಿಂದ, ನೆಲದ ಕಡೆಯಿಂದ ಬೀಸುವ ಗಾಳಿ. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ತಗೊಂಡರು. ಮಗಳನ್ನು ಬಲೆಯ ಮೇಲೆ ಕೂರಿಸಿದ್ದರಲ್ಲ, ಅವಳ ಮೊಣಕಾಲಿಗೆ ಮೀನಿನ ಹುರುಪೆ ಒಂದು ಅಂಟಿತ್ತು. ರಾತ್ರಿವರೆಗೂ ಅದನ್ನು ತೆಗೆಯಲು ನನಗೆ ಮನಸ್ಸಾಗಲಿಲ್ಲ.

ಈ ಕತೆ ಕೇಳಿದವರೆಲ್ಲ, ಕೈ ಬಿಟ್ಟಿದ್ದೇ ನಿನ್ನ ತಪ್ಪು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಎರಡು ಮಕ್ಕಳಿರುವ ಯಾವ ತಾಯಿಯ ಕೈಯೂ ದಿನಕ್ಕೆ ನೂರು ಸಲ ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ತಪ್ಪು ಅದಕ್ಕಿಂತ ಮೊದಲೇ ಆಗಿತ್ತು. ಸಮುದ್ರದಲ್ಲಿ ಮಗುವನ್ನು ಗಾಳಿ ತುಂಬಿದ ಹಗುರ ಸಾಮಾನಿನಲ್ಲಿ ಕೂರಿಸಿದ್ದು ತಪ್ಪು. ಯೋಚಿಸಿ ನೋಡಿ. ಮೊಣಕಾಲು ನೀರಲ್ಲಿ ನಿಂತ ಮಗುವಿನ ಪಾದ ಮರಳಿಗೆ ಊರಿರುತ್ತದೆ. ನೀರು ಎಳೆದರೆ ಬೀಳುತ್ತದೆ, ಅಳುತ್ತದೆ, ಒಂದೇ ಹೆಜ್ಜೆಯಲ್ಲಿ ಎತ್ತಿಕೊಳ್ಳುತ್ತೀರಿ. ಟ್ಯೂಬಿನಲ್ಲಿ ಕೂತ ಮಗುವಿಗೆ ನೆಲವೇ ಇಲ್ಲ. ಅರ್ಧ ಟ್ಯೂಬ್ ನೀರಿನ ಮೇಲಿರುತ್ತದೆ, ಆ ಬಾತುಕೋಳಿಯ ಕತ್ತು ಬೇರೆ ಹಾಯಿಯ ಹಾಗೆ ಎದ್ದು ನಿಂತಿರುತ್ತದೆ, ಗಾಳಿ ಅದನ್ನು ತಳ್ಳಿಕೊಂಡು ಹೋಗುತ್ತದೆ, ಮಗು ಖುಷಿಯಲ್ಲಿ ಇರುವುದರಿಂದ ಸದ್ದೇ ಬರುವುದಿಲ್ಲ.

ಇನ್ನೊಂದು ವಿಷಯ ನನಗೆ ಆಮೇಲೆ ಓದಿ ಗೊತ್ತಾಯಿತು. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಸಮುದ್ರ ಅಷ್ಟು ಬೇಗ ಆಗುವುದಿಲ್ಲ. ಅದಕ್ಕೇ ಬೆಳಗಿನ ಹೊತ್ತು ಗಾಳಿ ನೆಲದಿಂದ ನೀರಿನ ಕಡೆ ಬೀಸುತ್ತದೆ. ನಮ್ಮ ಕರಾವಳಿಯಲ್ಲಿ ಚಳಿಗಾಲದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಸಮುದ್ರದಿಂದ ಬರುತ್ತದೆ, ಸಂಜೆಯ ಅಲೆ ದೊಡ್ಡದಾಗಿ ಕಾಣುವುದಕ್ಕೆ ಅದೂ ಒಂದು ಕಾರಣ. ಅಂದರೆ ದಡದಿಂದ ಬೀಸುವ ಗಾಳಿ ಅಲೆಯನ್ನು ಮಲಗಿಸುತ್ತದೆ, ಅದೇ ಗಾಳಿ ಟ್ಯೂಬನ್ನು ಹೊರಗೆ ಒಯ್ಯುತ್ತದೆ. ನಾನು ಶಾಂತ ಅಂತ ನಂಬಿದ ಹೊತ್ತೇ ಆ ಬಾತುಕೋಳಿಗೆ ಅತಿ ಕೆಟ್ಟ ಹೊತ್ತಾಗಿತ್ತು. ಅಲೆ ನೋಡಿದ್ದೆ, ಟವೆಲ್ ನೋಡಿರಲಿಲ್ಲ. ಮನೆಗೆ ಬಂದು ಬಿಸಾಡುವ ಮೊದಲು ಟ್ಯೂಬ್ ತಿರುಗಿಸಿ ನೋಡಿದೆ. ಇದು ಜೀವ ಉಳಿಸುವ ಸಾಧನ ಅಲ್ಲ ಅಂತ ಅಡಿಯಲ್ಲಿ ಸಣ್ಣಕ್ಷರದಲ್ಲಿ ಇಂಗ್ಲಿಷ್‌ನಲ್ಲಿ ಇತ್ತು.

ಮೂರನೇ ದಿನದ ದುಡ್ಡು ಬಿಟ್ಟು ವಾಪಸ್ ಬಂದೆವು. ದಾರಿಯಲ್ಲಿ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಮಗಳಿಗೆ ತಲೆ ಮೇಲೆ ಚೊಂಬಿನಲ್ಲಿ ನೀರು ಹಾಕಿದರೆ ಕಿರುಚುವುದು ಶುರುವಾಯಿತು. ಅದು ಹೋಗಲು ಎರಡು ವರ್ಷ ಬೇಕಾಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಕ್ಕಳು ಆಡಿಕೊಂಡಿರುತ್ತಾರೆ, ನಾವು ರೆಸ್ಟ್ ಮಾಡುತ್ತೇವೆ ಅನ್ನುವುದನ್ನು ಮೊದಲು ತಲೆಯಿಂದ ತೆಗೆದುಬಿಡಿ. ಐದು ಮತ್ತು ಎರಡು ವರ್ಷದ ಮಕ್ಕಳ ಜತೆ ಸಮುದ್ರದ ಹತ್ತಿರ ರೆಸ್ಟ್ ಇಲ್ಲ. ಒಂದು ಮಗುವಿಗೆ ಒಬ್ಬ ದೊಡ್ಡವರು, ಅಷ್ಟೇ. ರೆಸ್ಟ್ ಬೇಕಿದ್ದರೆ ಅಜ್ಜಿಯನ್ನೋ ತಂಗಿಯನ್ನೋ ಕರೆದುಕೊಂಡು ಹೋಗಿ, ರೂಮಿನ ದುಡ್ಡು ಅವರಿಗೆ ಖರ್ಚು ಮಾಡಿ.

ಎರಡನೆಯದು, ಬೀಚಿಗೆ ಅಂಟಿಕೊಂಡ ರೂಮಿಗೆ 14 ಸಾವಿರ ಕೊಡಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಹತ್ತರಿಂದ ನಾಲ್ಕರವರೆಗೆ ಆ ಬಿಸಿಲಲ್ಲಿ ಎರಡು ವರ್ಷದ ಮಗುವನ್ನು ಹೊರಗೆ ತೆಗೆಯಲು ಆಗುವುದಿಲ್ಲ. ನಿಮಗೆ ಸಿಗುವುದು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಅದಕ್ಕೆ ಆಟೋದಲ್ಲಿ ಹೋಗಿ ಬರಬಹುದು. ಬಾಗಿಲು ತೆಗೆದರೆ ಮರಳು ಅಂದರೆ, ನೀವು ಮಧ್ಯಾಹ್ನ ಕಣ್ಣು ಮುಚ್ಚಿದಾಗ ಮಗು ಬಾಗಿಲು ತೆಗೆದರೂ ಮರಳೇ, ಅಲ್ವಾ? ಮೊದಲ ರಾತ್ರಿ ಆ ಚಿಲಕ ಮಗಳ ಕೈಗೆ ಎಟುಕುತ್ತದಾ ಅಂತ ನೋಡುತ್ತಾ ಎಚ್ಚರವಾಗಿಯೇ ಮಲಗಿದ್ದೆ. ಜಾಸ್ತಿ ದುಡ್ಡು ಕೊಟ್ಟು ತಗೊಂಡ ನಿದ್ದೆಗೇಡು ಅದು.

ಗೋಕರ್ಣವೋ ಗೋವಾವೋ ಅಂದರೆ, ನನ್ನನ್ನು ಕೇಳಿದರೆ ಈ ವಯಸ್ಸಿಗೆ ಎರಡೂ ಬೇಡ. ಗೋವಾದ ದೊಡ್ಡ ಬೀಚುಗಳಲ್ಲಿ ಲೈಫ್‌ಗಾರ್ಡ್ ಇರುತ್ತಾರೆ, ಕೆಂಪು ಹಳದಿ ಬಾವುಟದ ನಡುವೆ ಮಾತ್ರ ನೀರಿಗೆ ಇಳಿಸುತ್ತಾರೆ, ಆ ಒಂದು ವಿಷಯ ನನಗೆ ಇಷ್ಟ. ಆದರೆ ಅಷ್ಟು ದೂರ ಎರಡು ವರ್ಷದ ಮಗು ಕಟ್ಟಿಕೊಂಡು ಮೂರೇ ದಿನಕ್ಕಾ? ಗೋಕರ್ಣದ ಓಂ ಬೀಚ್, ಕುಡ್ಲೆ ಎರಡಕ್ಕೂ ಗುಡ್ಡದಿಂದ ಇಳಿಯಬೇಕು, ಓಂ ಬೀಚಲ್ಲಿ ಬಂಡೆಗಳೂ ಜಾಸ್ತಿ. ಒಂದು ಮಗು ಸೊಂಟದಲ್ಲಿ, ಇನ್ನೊಂದು ಕೈಯಲ್ಲಿ, ಬೆನ್ನಿಗೆ ಚೀಲ, ವಾಪಸ್ ಹತ್ತುವಾಗ ಎರಡೂ ನಿದ್ದೆಗೆ ಜಾರಿರುತ್ತವೆ. ಮಕ್ಕಳು ದೊಡ್ಡವರಾದ ಮೇಲೆ ಹೋಗಿ, ತುಂಬಾ ಚೆಂದ.

ಹೊನ್ನಾವರದ ಕಾಸರಕೋಡಿಗೆ ಹೋಗಿ. 2020ರಲ್ಲಿ ನಮ್ಮ ರಾಜ್ಯದ ಎರಡು ಬೀಚಿಗೆ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿತು, ಉಡುಪಿ ಕಡೆಯ ಪಡುಬಿದ್ರಿ ಒಂದು, ಕಾಸರಕೋಡು ಇನ್ನೊಂದು. ನಾವು 2023ರ ಜನವರಿಯಲ್ಲಿ ಕಾಸರಕೋಡಿಗೆ ಹೋಗಿದ್ದೆವು. ಹೊನ್ನಾವರದಲ್ಲಿ ಒಂದು ಸಾದಾ ಲಾಡ್ಜ್, ರೂಮಿಗೆ 1,800. ಬೀಚಲ್ಲಿ ಗಾಳಿಮರದ ನೆರಳು, ಮಕ್ಕಳ ಮರಳು ತೊಳೆಯಲು ನಲ್ಲಿ, ಕ್ಲೀನಾದ ಟಾಯ್ಲೆಟ್. ಸೀಟಿ ಹಿಡಿದುಕೊಂಡು ನಿಂತ ಲೈಫ್‌ಗಾರ್ಡ್ ಅಣ್ಣ ಒಬ್ಬರಿದ್ದರು, ಹೋದ ಕೂಡಲೇ ಅವರ ಹತ್ತಿರ ಮಾತಾಡಿ, ಇವತ್ತು ಎಲ್ಲಿ ಇಳಿಯಬಹುದು ಅಂತ ಕೇಳಿಕೊಂಡೆ. ನೀವೂ ಅದೇ ಮಾಡಿ. ಎರಡು ಕಡೆ ಅಲೆ ಮುರಿಯುತ್ತಾ ನಡುವೆ ಒಂದು ಪಟ್ಟಿ ಮಾತ್ರ ಸುಮ್ಮನೆ, ಕಪ್ಪಗೆ ಕಂಡರೆ ಅಲ್ಲಿ ನೀರು ಒಳಗೆ ಎಳೆಯುತ್ತಿರುತ್ತದೆ, ಆ ಜಾಗ ಬಿಡಿ. ನದಿ ಸಮುದ್ರ ಸೇರುವ ಅಳಿವೆಯ ಹತ್ತಿರವಂತೂ ಹೋಗಲೇಬೇಡಿ. ಮಧ್ಯಾಹ್ನ ಮಕ್ಕಳು ಬೇಜಾರು ಅಂದರೆ ಪಕ್ಕದಲ್ಲೇ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ದಾರಿ ಇದೆ, ನೆರಳಲ್ಲಿ ನಡೆದು ಏಡಿ ತೋರಿಸಬಹುದು.

ಕಾರು ಬೇಡ, ಘಾಟಿ ರಸ್ತೆಯೂ ಬೇಡ ಅಂದರೆ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಇದೆ. ಸಂಜೆ ಬೆಂಗಳೂರಲ್ಲಿ ಹತ್ತಿ ಮಕ್ಕಳನ್ನು ಮಲಗಿಸಿದರೆ ಬೆಳಗ್ಗೆ ಹೊನ್ನಾವರ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಡಿಸೆಂಬರ್ ರಜೆಯ ಸೀಟು ಬೇಗ ಹೋಗುತ್ತದೆ, ಹಾಗಾಗಿ ಆ ದಿನವೇ ಮಾಡಿಸಿ.

ಚಿಕ್ಕವನಿಗೆ ಸಮುದ್ರವೇ ಬೇಡ. ಒಂದು ಬಕೆಟ್, ಒಂದು ಹಳೇ ಸ್ಟೀಲ್ ಲೋಟ, ದಡದಿಂದ ದೂರ ನೆರಳಲ್ಲಿ ಒಂದು ಗುಂಡಿ. ನನ್ನ ಮಗ ಅಷ್ಟರಲ್ಲೇ ಮೂರು ಗಂಟೆ ಕಳೆದಿದ್ದ.

ಮಗಳು ಕಾಸರಕೋಡಲ್ಲಿ ಮೊದಲ ದಿನ ಗಾಳಿಮರದ ಕೆಳಗಿಂದ ಏಳಲೇ ಇಲ್ಲ. ನಾವೂ ಕರೆಯಲಿಲ್ಲ. ಎರಡನೇ ಸಂಜೆ ತಾನೇ ಎದ್ದು ಬಂದಳು. ಒಣ ಮರಳು ಮುಷ್ಟಿಯಲ್ಲಿ ತಗೊಂಡು ಮೇಲೆ ಎಸೆದಳು. ಮರಳು ಅವಳ ಮುಖಕ್ಕೇ ಬಂತು. "ಗಾಳಿ ನಮ್ಮ ಕಡೆ ಇದೆ ಅಮ್ಮ" ಅಂದು, ನನ್ನ ಕೈ ಹಿಡಿದು, ಪಾದ ಮುಳುಗುವಷ್ಟು ನೀರಿಗೆ ಇಳಿದಳು.

ನಿಮ್ಮ ಟ್ಯೂಬಿನ ಆರ್ಡರ್ ಇನ್ನೂ ಬಂದಿಲ್ಲ ಅಂದರೆ ಇವತ್ತೇ ಕ್ಯಾನ್ಸಲ್ ಮಾಡಿ. ಬಂದಿದ್ದರೆ ಬಚ್ಚಲಮನೆಯಲ್ಲಿ ಆಡಿಕೊಳ್ಳಲಿ.